ಬಿಸಿಲಿಗೆ ಹಾಕಿದ ಬೀಜ

ನಿಮ್ಮಜ್ಜ ಹೋದ ಮೇಲೆ ನಮ್ಮ ಕರಿ ಮಣ್ಣಿನ ಎರೆ ಹೊಲವನ್ನು ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ನೋಡಿಕೊಳ್ಳುತ್ತಿದ್ದ. ಯಾವ ಬೆಳೆ, ಯಾವ ಗೊಬ್ಬರ ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ನಾಲ್ಕು ಜನರೆದುರು ಮಾತಾಡಬೇಕೆಂದರೆ ಸೆರಗು ಬಾಯಿಗೆ ಹಿಡಿಯುವವಳು ನಾನು. ಒಂದು ಮುಂಗಾರಿನಲ್ಲಿ ಮಾತ್ರ ಎಲ್ಲಿಂದ ಧೈರ್ಯ ಬಂತೋ, "ಈ ಸಲ ಹೆಸರು ಬೆಳಿಗಿ ಯೂರಿಯಾ ಬ್ಯಾಡಪಾ. ಬೀಜಕ್ಕ ನಾನು ಜೀವಾಣು ಗೊಬ್ಬರ ಹಚ್ತೀನಿ" ಎಂದುಬಿಟ್ಟೆ.

"ಆತ್ರಿ ವೈನಿ, ನೋಡೂಣು" ಎಂದ ಅವನು. ನಕ್ಕನೋ ಇಲ್ಲವೋ ನಾನು ನೋಡಲಿಲ್ಲ.

ಜೀವಾಣು ಗೊಬ್ಬರವೆಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವ ಒಂದು ಪೊಟ್ಟಣ. ಒಳಗೆ ಇದ್ದಿಲಿನಂಥ ಕರಿ ಪುಡಿ. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅವು ಬೇರಿನಲ್ಲಿ ಗಂಟು ಕಟ್ಟಿಕೊಂಡು, ಗಾಳಿಯಲ್ಲಿರುವ ಸಾರವನ್ನು ಗಿಡಕ್ಕೆ ಉಣಿಸುತ್ತವೆ. ಬೀಜ ಹಸನು ಮಾಡುವುದು ನಮ್ಮಲ್ಲಿ ಹೆಂಗಸರ ಕೆಲಸ. ಬೆಲ್ಲದ ನೀರು ಕಾಸಿ, ಆರಿಸಿ, ಅದರಲ್ಲಿ ಪುಡಿಯನ್ನು ಬೀಜಕ್ಕೆ ಕಲಸಿದೆ. ಬೇರು ಕೊಳೆಯದಿರಲೆಂದು ವರ್ಷವೂ ಹಚ್ಚುತ್ತಿದ್ದ ಕೆಂಪು ಔಷಧಿಯನ್ನೂ ಅದೇ ಬುಟ್ಟಿಗೆ ಸುರಿದೆ. ಎರಡೂ ಒಳ್ಳೆಯವೇ, ಕೂಡಿದರೆ ಇನ್ನೂ ಒಳ್ಳೆಯದು ಎಂಬುದು ನನ್ನ ಲೆಕ್ಕ. ಆಮೇಲೆ ಸಂಡಿಗೆ ಒಣಗಿಸುವ ಹಾಗೆ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ಸುಡುವ ಬಿಸಿಲಿಗೆ ಹರವಿದೆ.

ಬಿತ್ತಿ ಮೂರು ವಾರವಾಗುವಷ್ಟರಲ್ಲಿ ಎಲೆಗಳು ತಿಳಿ ಹಳದಿಯಾದವು. ಎರಡು ಗಿಡ ಮೆಲ್ಲಗೆ ಅಗೆದು ನೋಡಿದೆ. ಬೇರು ತೊಳೆದ ದಾರದಂತೆ ನುಣ್ಣಗಿತ್ತು. ಊರೆಲ್ಲ ಚಿಕ್ಕಮ್ಮ ಎನ್ನುವ ಹಾಗೆ ಖಾಲಾ ಎಂದು ಕರೆಯುವ ಪಕ್ಕದ ಹೊಲದಾಕೆ, ನೀವೆಲ್ಲ ಈದಿಗೆ ಶಾವಿಗೆಯ ಶೀರ್‌ಕುರ್ಮಾ ಕುಡಿದು ಬರುವ ಮನೆಯವರು, ತಮ್ಮದೊಂದು ಗಿಡ ಅಗೆದು ತೋರಿಸಿದರು. ಬೇರಿನ ತುಂಬ ಸಾಸಿವೆಯಂಥ ಗಂಟುಗಳು. ಅವರದೂ ಅದೇ ಪೊಟ್ಟಣ.

"ನೀ ಏನೇನ್ ಮಾಡಿದಿ, ಒಂದೊಂದ ಹೇಳು" ಎಂದರು. ಹೇಳಿದೆ. ಬದುವಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಕ್ಕಾ, ಮನಿಗಿ ಬೀಗರನ್ನ ಕರದು ವಿಷ ಕುಡಿಸಿ, ಮ್ಯಾಲೆ ಮಾಳಿಗಿ ಮ್ಯಾಲೆ ಒಣಾಕ ಹಾಕೀಯಲ್ಲ. ಅವು ಉಳೀತಾವೇನ? ನಾ ನೆಳ್ಳಾಗ ಆರಿಸಿದ್ದೆ."

"ನಗಬ್ಯಾಡ್ರಿ. ಮೈದುನಗ ಏನ್ ಹೇಳ್ಲಿ? ಇನ್ನ ಮ್ಯಾಲೆ ನನ್ನ ಮಾತು ಹೊಲದಾಗ ನಡ್ಯೂದಿಲ್ಲ."

"ನಡೀತೈತಿ. ನಾಳೆ ಬಸ್ಸಿಗಿ ಯಲಬುರ್ಗಾಕ್ಕ ಹೋಗೂಣು, ನಡಿ."

ಕೃಷಿ ಇಲಾಖೆಯ ಕಚೇರಿಯಲ್ಲಿದ್ದವಳು ನನ್ನ ಮಗಳ ವಯಸ್ಸಿನ ಅಧಿಕಾರಿ. ಖಾಲಾ ಮೊಣಕೈಯಿಂದ ತಿವಿದರು, ನಾನೇ ಮಾತಾಡಬೇಕಾಯಿತು. ಆಕೆ ನಗಲಿಲ್ಲ.

"ಭಾಳ ಮಂದಿ ಹಿಂಗ ಮಾಡ್ತಾರ್ರಿ ಅವ್ವಾರ. ಕೆಂಪು ಔಷಧಿಗಿ, ಬಿಸಿಲಿಗಿ ಪೊಟ್ಟಣದಾಗಿನವು ಹೆಚ್ಚಿನವು ಸತ್ತಿರ್ತಾವ. ಆದ್ರ ಮಣ್ಣಾಗ ಹಳೇವು ಇರ್ತಾವಲ್ಲ, ಅವು ಗಟ್ಟಿ. ಬರ ಬಿದ್ರ, ವಿಷ ಬಿದ್ರ, ಕೆಲವು ಮೈಮ್ಯಾಲೆ ಅಂಟು ಹೊದ್ಕೊಂಡು ಸುಮ್ಮನ ಕುಂದರ್ತಾವ. ಕೆಲವು ಒಳಗ ಬಂದ ವಿಷಾನ ಹೊರಗ ನೂಕ್ತಾವ. ವಿಷಾನ ಮುರದು ತಿನ್ನೂ ಜಾತಿನೂ ಅದಾವ. ಅವಕ್ಕ ಹಸಿ ಬೇಕು, ಹಳೇ ತಿಪ್ಪಿಗೊಬ್ಬರ ಬೇಕು."

ಇನ್ನೊಂದು ಪೊಟ್ಟಣ ಕೊಟ್ಟು, ಕೊಳೆತ ಗೊಬ್ಬರದಲ್ಲಿ ಕಲಸಿ, ಮಳೆ ಬಿದ್ದ ಸಂಜೆ ಸಾಲಿನ ಬುಡಕ್ಕೆ ಹಾಕಲು ಹೇಳಿದಳು. ತಡವಾಗಿದೆ, ಪೂರಾ ಭರವಸೆ ಕೊಡಲಾರೆ ಎಂದೂ ಹೇಳಿದಳು.

ಮನೆಗೆ ಬಂದರೆ ಮೈದುನ ಯೂರಿಯಾ ಚೀಲ ತಂದು ಕಟ್ಟೆಯ ಮೇಲೆ ಇಟ್ಟಿದ್ದ. ನನ್ನ ತಪ್ಪನ್ನೂ ಅಧಿಕಾರಿ ಹೇಳಿದ್ದನ್ನೂ ಅವನಿಗೆ ಹೇಳಿದೆ. "ಹದಿನೈದು ದಿನ ಕೊಡಪಾ. ಆಮ್ಯಾಲೆ ನಿನ್ನ ಮನಸ್ಸಿನಂಗ ಮಾಡು."

"ಹತ್ತು ದಿನ" ಎಂದ.

ಎರಡನೆಯ ದಿನವೇ ಮಳೆ ಬಂತು. ಮಳೆ ನಿಂತದ್ದೇ ತಡ, ನಾನೂ ಖಾಲಾನೂ ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಸಾಲು ಸಾಲಿಗೆ ಗೊಬ್ಬರ ಹಾಕಿದೆವು. ಬಗ್ಗಿ ಬಗ್ಗಿ ನಡು ಬಿದ್ದುಹೋಯಿತು, ಮಾತು ಮಾತ್ರ ನಿಲ್ಲಲಿಲ್ಲ.

ಹತ್ತನೆಯ ದಿನ ಮೈದುನ ತಾನೇ ಗಿಡ ಅಗೆದ. ತಾಯಿಬೇರು ಬೋಳಾಗಿತ್ತು. ಅವನು ಬೇರಿನ ಮಣ್ಣು ತೊಳೆದ. ಪಕ್ಕದ ಎಳೆ ಬೇರುಗಳಲ್ಲಿ ಐದಾರು ಗಂಟುಗಳಿದ್ದವು. ಒಂದನ್ನು ಉಗುರಿನಿಂದ ಸೀಳಿದ. ಒಳಗೆ ಕೆಂಪು. ಕೆಂಪಿದ್ದರೆ ಜೀವಿ ಕೆಲಸ ಮಾಡುತ್ತಿದೆ ಎಂದು ಅಧಿಕಾರಿ ಹೇಳಿದ್ದಳು.

"ಮಣ್ಣಾಗಿದ್ದ ಹಳೇವೋ, ನೀವು ಹಾಕಿದ್ದ ಹೊಸಾವೋ?" ಎಂದು ಕೇಳಿದ.

"ನನಗೂ ಗೊತ್ತಿಲ್ಲಪಾ" ಎಂದೆ.

ಬೆಳೆ ಖಾಲಾ ಅವರಷ್ಟು ಬರಲಿಲ್ಲ, ಆದರೆ ಬಂತು. ಯೂರಿಯಾ ಚೀಲ ಬಿಚ್ಚಲೇ ಇಲ್ಲ. ಮರುವರ್ಷ ಬಿತ್ತಿಗೆಯ ಮುಂಚೆ ಮೈದುನ ಬೀಜದ ಚೀಲ ತಂದು ನನ್ನ ಮುಂದಿಟ್ಟು ಕೇಳಿದ:

"ವೈನಿ, ತೊಗರಿಗೂ ಹಚ್ಚೂದೇನ್ರಿ?"