ಬೆಂದ ಮಣ್ಣು ಎಂದು ಬರೆಸಿದ ಲಾನ್‌ಯಿಂಗ್

ಲಾನ್‌ಯಿಂಗ್ ನಮ್ಮ ದಿಣ್ಣೆಯ ಹಳ್ಳಿಯಲ್ಲಿ ಕಾಂಗ್ ಕಟ್ಟುವವಳು. ಒಲೆಯ ಹೊಗೆ ಒಳಗೆ ಸುತ್ತಿ, ಮಲಗಿದವರನ್ನು ಬೆಚ್ಚಗಿಡುವ ಆ ಮಣ್ಣಿನ ಮಂಚವನ್ನು ನಾಲ್ಕೈದು ವರ್ಷಕ್ಕೊಮ್ಮೆ ಒಡೆದು ಹೊಸದಾಗಿ ಕಟ್ಟಬೇಕು. ಗಂಡ ಸತ್ತ ಮೇಲೆ ಅವಳು ಈ ಕೆಲಸ ಕಲಿತಳು. ಕೂಲಿಯ ಬದಲು ಒಡೆದ ಹಳೆಯ ಮಣ್ಣನ್ನೇ ಕೇಳುತ್ತಿದ್ದಳು. ಹೊಗೆ ಕುಡಿದು ಗೊಬ್ಬರವಾದ ಆ ಕರಿಮಣ್ಣನ್ನು ಬುಟ್ಟಿಯಲ್ಲಿ ಹೊತ್ತು, ದಿಣ್ಣೆಯ ಹೆಗಲ ಮೇಲೆ, ಊರ ಹೊಲಗಳನ್ನೆಲ್ಲ ಒಟ್ಟಾಗಿ ನಡೆಸುತ್ತಿದ್ದ ಕಮ್ಯೂನು ಅವಳಿಗೆ ಬಿಟ್ಟಿದ್ದ ತುಂಡು ಹೊಲಕ್ಕೆ ಸುರಿಯುತ್ತಿದ್ದಳು. ಹದಿನೆಂಟು ವರ್ಷ ಹಾಗೆ ಸುರಿದಳು.

ಇಳಿಜಾರನ್ನು ಕಡಿದು ಮಾಡಿದ ಹೊಸ ಹೊಲದ ಹಳದಿ ಮಣ್ಣಿಗೆ ನಾವು ಹಸಿ ಮಣ್ಣು ಎನ್ನುತ್ತೇವೆ. ನೀರಿನ ಹಸಿಯಲ್ಲ, ಬೇಯದ ಅಕ್ಕಿಯ ಹಾಗೆ ಹಸಿ. ಗೊಬ್ಬರ ಉಂಡು, ಬೇರು ಆಡಿ ಪಳಗಿದ್ದು ಬೆಂದ ಮಣ್ಣು.

ಹೊಲಗಳನ್ನೆಲ್ಲ ಮನೆಮನೆಗೆ ಹಂಚುತ್ತಾರೆಂದು ಸುದ್ದಿ ಬಂದ ವಸಂತದಲ್ಲಿ, ಮೊದಲು ಮಣ್ಣಿನ ಸರ್ವೆ ನಡೆಯಿತು. ಚೀ ಎಂಬ ಕನ್ನಡಕದ ಯುವಕ ಸಲಿಕೆ, ಅಳತೆ ಟೇಪು ಹಿಡಿದು ಬಂದ. ಎಲ್ಲರನ್ನೂ ನಗುನಗುತ್ತಾ ಮಾತಾಡಿಸಿ, ನಮ್ಮ ಬಾಯಿಂದ ಬಿದ್ದ ಹೆಸರನ್ನೇ ಬರೆದುಕೊಳ್ಳುತ್ತಿದ್ದ. ಅದೇ ಎಲ್ಲರ ಅನುಮಾನಕ್ಕೆ ಕಾರಣವಾಯಿತು. ಓದಿದವನಿಗೆ ನಮ್ಮ ಮಾತು ಯಾಕೆ ಬೇಕು? ಹಸಿ ಎಂದರೆ ಹೊಲ ಕಿತ್ತುಕೊಂಡು ಮರ ನೆಡುತ್ತಾರೆ ಎಂದು ಕೆಲವರು ಹೇಳಿದರು. ಬೆಂದದ್ದು ಎಂದರೆ ಸರಕಾರಕ್ಕೆ ಕೊಡುವ ಧಾನ್ಯದ ಪಾಲು ಏರುತ್ತದೆ ಎಂದು ಇನ್ನು ಕೆಲವರು. ಯಾವ ಮಾತು ಹೊಲ ಉಳಿಸುತ್ತದೋ ಯಾರಿಗೂ ತಿಳಿಯದು. ಭೂದೇವರ ಗೂಡಿನ ಮುಂದೆ ಆ ವಾರ ಊದುಬತ್ತಿಯ ಬೂದಿ ರಾಶಿ ಬಿದ್ದಿತ್ತು. ಎರಡು ಬತ್ತಿ ನನ್ನವೂ ಇದ್ದವು.

ಲಾನ್‌ಯಿಂಗಳ ಹೊಲಕ್ಕೆ ಚೀಯನ್ನು ಕರೆತಂದವನು ನಮ್ಮ ಹಳ್ಳಿಯ ಉಳುಮೆ ತಂಡದ ಮುಖ್ಯಸ್ಥ ತ್ವೋ. ಅವನನ್ನು ಅವಳು ನಂಬುತ್ತಿರಲಿಲ್ಲ. ಹಿಂದೆ ಕಣಿವೆಯಲ್ಲಿದ್ದ ಅವಳ ಒಳ್ಳೆಯ ಹೊಲವನ್ನು ಕಟ್ಟೆ ಕಟ್ಟಲೆಂದು, ಒಂದೇ ಒಂದು ಮಳೆಗಾಲಕ್ಕೆ ಎಂದು ಹೇಳಿ ತೆಗೆದುಕೊಂಡವನು ಅವನೇ. ಆ ಹೊಲ ಮರಳಿ ಬರಲೇ ಇಲ್ಲ.

ಚೀ ಗುಂಡಿ ತೋಡುವ ಮೊದಲೇ ತ್ವೋ ಬಾಯಿ ಹಾಕಿದ.

"ಇಲ್ಲೇನು ನೋಡ್ತೀರಿ, ದಿಣ್ಣೆ ಹೆಗಲು. ಹಸಿ ಅಂತ ಬರ್ಕೊಂಡು ನಡೀರಿ."

ಸುತ್ತ ನಿಂತವರು ಲಾನ್‌ಯಿಂಗಳ ಮುಖ ನೋಡಿದರು. ಅವಳು ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ಆದರೆ ಹಸಿ ಅನ್ನಿಸಿ ಹೊಲವನ್ನು ತ್ವೋ ತಾನೇ ಹೊಡೆದುಕೊಳ್ಳುವ ಹುನ್ನಾರ ಇದು ಎಂದು ಅವಳಿಗೆ ಖಚಿತವಾಗಿತ್ತು. ಚೀಯ ಕೈಯಿಂದ ಸಲಿಕೆ ಕಸಿದು ತಾನೇ ಅಗೆದಳು. ಗುಂಡಿಯ ಗೋಡೆಯಲ್ಲಿ ಒಂದೂವರೆ ಗೇಣು ಕಪ್ಪು, ಅದರ ಕೆಳಗೆ ಗೆರೆ ಎಳೆದಂತೆ ಹಳದಿ.

"ದೊಡ್ಡಮ್ಮ, ಇದಕ್ಕೆ ನೀವೇನಂತೀರಿ?" ಎಂದ ಚೀ.

"ಬೆಂದದ್ದು. ಬೇಯಿಸಿದೋಳು ನಾನು. ಬರ್ಕೋ."

ಚೀ ಹಾಗೇ ಬರೆದುಕೊಂಡ.

ಹತ್ತು ದಿನಗಳ ಮೇಲೆ ಹಂಚಿಕೆಯ ನಿಯಮ ಓದಿದರು. ಇಳಿಜಾರಿನ ಹಸಿ ಹೊಲ ಉಳುವವರ ಬಳಿಯೇ ಉಳಿಯುತ್ತದೆ. ಬೆಂದದ್ದನ್ನು ಚೀಟಿ ಎತ್ತಿ ಹಂಚುತ್ತಾರೆ. ಲಾನ್‌ಯಿಂಗಳ ಹೊಲ ಫೆಂಗ್ ಮನೆಯವರ ಚೀಟಿಗೆ ಬಿತ್ತು. ಅವಳ ಚೀಟಿಯಲ್ಲಿ ಬಂದದ್ದು ಕೊರಕಲಿನ ಅಂಚಿನ ಒಂದು ಪಟ್ಟಿ.

ಬೀಸುವ ಕಲ್ಲಿನ ಹತ್ತಿರ ತ್ವೋ ಅವಳಿಗೆ ಎದುರಾದಾಗ ನಾನು ನವಣೆ ಬೀಸುತ್ತಿದ್ದೆ.

"ಅತ್ತಿಗೆ, ನಿಯಮ ನಂಗೆ ಮೊದ್ಲೇ ಗೊತ್ತಿತ್ತು. ಕಣಿವೆ ಹೊಲ ಹೋದದ್ದು ಎದೇಲಿ ಚುಚ್ತಾನೇ ಇತ್ತು. ಇದೊಂದಾದ್ರೂ ನಿಮಗೆ ಉಳೀಲಿ ಅಂತ ಹಂಗಂದೆ."

"ಮುಂಚೆನೇ ಕಿವೀಲಿ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ?"

 

ಹೊಲ ಹೋದರೂ ಮಣ್ಣು ಕೆಡಬಾರದೆಂದು ಅವಳು ಫೆಂಗ್‌ನ ಹೆಂಡತಿ ಚಿಯಾವೋಯೆಯ ಬಾಗಿಲಿಗೆ ಹೋದಳು. ಜೊತೆಗೆ ನನ್ನನ್ನೂ ಕರೆದುಕೊಂಡಳು. ಒಂದೂವರೆ ಗೇಣಿಗಿಂತ ಆಳ ಉಳಬೇಡ, ಕೆಳಗೆ ಇನ್ನೂ ಹಸಿ, ಅದು ಮೇಲೆ ಬಂದರೆ ಬೆಂದದ್ದೂ ಹಾಳು ಎಂದು ಬಿಡಿಸಿ ಹೇಳಿದಳು. ಚಿಯಾವೋಯೆ ನೂಡಲ್ಸಿನ ಹಿಟ್ಟು ನಾದುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಅಕ್ಕ, ಹೊಲ ಕಳ್ಕೊಂಡೋರು ನೀವು. ನಮ್ಮ ಬೆಳೆ ಚೆನ್ನಾಗಿ ಬರ್ಲಿ ಅಂತ ಇಷ್ಟು ದೂರ ನಡ್ಕೊಂಡು ಬಂದ್ರಾ?"

"ಹೊಲಕ್ಕೋಸ್ಕರ ಬಂದೆ."

"ಅದೇ ನಾನೂ ಅಂದದ್ದು," ಎಂದು ಚಿಯಾವೋಯೆ ನಂಬದವಳ ಹಾಗೆ ನಕ್ಕಳು.

ಮರುದಿನ ಫೆಂಗ್ ಎರಡು ಕತ್ತೆ ಹೂಡಿ, ನೇಗಿಲಿನ ಮೇಲೆ ಭಾರಕ್ಕೆಂದು ಮಗನನ್ನು ಕೂರಿಸಿ, ಆದಷ್ಟು ಆಳ ಉತ್ತ. ಮಧ್ಯಾಹ್ನದ ಹೊತ್ತಿಗೆ ದಿಣ್ಣೆಯ ಹೆಗಲು ಪೂರ್ತಿ ಹಳದಿಯಾಗಿತ್ತು.