ಪ್ಯಾಮ್ ಮೇಡಂಗೆ ವಫ್ರಾದಲ್ಲಿ ಒಂದು ಅಭಿಮಾನಿ ಸಂಘ

ನನ್ನ ಅತ್ತೆಗೆ ಇಂಗ್ಲಿಷ್ ಬಾರದು. ಆದರೆ ಇಂಗ್ಲಿಷ್ ಕೊಲೆ ಸಿನಿಮಾಗಳಲ್ಲಿ ಕೊಲೆಗಾರ ಯಾರು ಎಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.

"ಅದು ಹೇಗೆ ಅತ್ತೆ?" ಎಂದರೆ, "ನೀವೆಲ್ಲ ಅವರಾಡೋ ಮಾತು ಕೇಳ್ತಾ ಕೂತಿರ್ತೀರ. ನಾನು ಮುಖ ನೋಡ್ತಿರ್ತೀನಿ" ಎನ್ನುತ್ತಾರೆ.

ಈ ಅಂಕಣ ಓದುವವರಿಗೆ ನಮ್ಮ ಫಹಾಹೀಲ್ ಮನೆ ಹೊಸದಲ್ಲ. ಅತ್ತೆ ಮಾತ್ರ ಹೊಸಬರು. ಚಳಿಗಾಲ ಕಳೆಯಲೆಂದು ಮೈಸೂರಿನಿಂದ ಬಂದಿದ್ದಾರೆ. (ಹೌದು, ಕುವೈತಿನಲ್ಲೂ ಚಳಿ ಇದೆ. ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.) 1990ರ ಹೊಸ ವರ್ಷಕ್ಕೆಂದು ನನ್ನವರು ವಿಸಿಆರ್ ಕೊಂಡು ತಂದರು. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಮನೆಯಲ್ಲಿ ಒಂದು ಹೆಣ ಬೀಳಲೇಬೇಕು.

ಪಕ್ಕದ ಫ್ಲಾಟಿನ ಪ್ಯಾಮ್ ಅತ್ತೆಯ ಹೊಸ ಗೆಳತಿ. ಐವತ್ತು ದಾಟಿದ ಇಂಗ್ಲಿಷ್ ಹೆಂಗಸು. ಗಂಡ ಡೆರೆಕ್ ಇಲ್ಲಿನ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು 'ಅತ್ತೆ' ಎಂದು ಕರೆಯುವುದನ್ನು ಕೇಳಿ, ಅದೇ ಇವರ ಹೆಸರು ಅಂದುಕೊಂಡು, ಪ್ಯಾಮ್ ಕೂಡ ಬಾಯಿ ತುಂಬ 'ಅಟ್ಟೆ' ಎನ್ನುತ್ತಾಳೆ.

"ಚಪ್ಪಲಿ ಅಟ್ಟೆ ಮಾಡ್ಬಿಟ್ಟಳಲ್ಲೇ ನನ್ನ" ಎಂದು ಅತ್ತೆ ನಗುತ್ತಾರೆ. ಅವಳಿಗೆ ಇವರ ಕನ್ನಡ ಅರ್ಥವಾಗದು, ಇವರಿಗೆ ಅವಳ ಇಂಗ್ಲಿಷ್. ಆದರೂ ಗಂಟೆಗಟ್ಟಲೆ ಮಾತು. ಏನು ಮಾತಾಡುತ್ತಾರೆ? ನನಗಂತೂ ಇವತ್ತಿಗೂ ತಿಳಿದಿಲ್ಲ.

ಹೋದ ತಿಂಗಳು ಒಂದು ದಿನ ಚಹಾ ಕುಡಿಯುತ್ತಾ ಪ್ಯಾಮ್ ಒಂದು ಬಾಂಬ್ ಹಾಕಿದಳು. ಮದುವೆಗೆ ಮುಂಚೆ ಅವಳು ಸಿನಿಮಾದಲ್ಲಿ ಕೆಲಸ ಮಾಡುತ್ತಿದ್ದಳಂತೆ! ಕಂಟಿನ್ಯುಯಿಟಿ ವಿಭಾಗ. ಅಂದರೆ, ಒಂದು ಶಾಟಿನಲ್ಲಿ ಇನ್‌ಸ್ಪೆಕ್ಟರ್ ಕೋಟಿನ ಗುಂಡಿ ಹಾಕಿದ್ದರೆ ಮುಂದಿನ ಶಾಟಿನಲ್ಲಿ ಅದು ಬಿಚ್ಚಿರಬಾರದು. ಅರ್ಧ ಸುಟ್ಟ ಸಿಗರೇಟು ಇದ್ದಕ್ಕಿದ್ದಂತೆ ಉದ್ದವಾಗಬಾರದು. ಇಂಥದ್ದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಕೆಲಸ.

ಅವಳು ಕೊನೆಯದಾಗಿ ಕೆಲಸ ಮಾಡಿದ್ದು ಒಂದು ಕೊಲೆ ಸಿನಿಮಾಕ್ಕೆ. ಇಂಗ್ಲೆಂಡಿನ ಉತ್ತರದ ಒಂದು ಊರು, ಅಲ್ಲೊಂದು ಕಾಲುವೆ, ಸೇತುವೆಯ ಕೆಳಗೆ ಒಂದು ಹೆಣ. ಅದರ ಶೂಟಿಂಗ್ ಕತೆ ಹೇಳುತ್ತಿದ್ದರೆ ನಮಗೆ ಚಹಾ ಆರಿದ್ದೂ ಗೊತ್ತಾಗಲಿಲ್ಲ. ಹೆಣವಾಗಿದ್ದವನು ಆ ಊರಿನ ಹಾಲು ಹಾಕುವವನು. ತಣ್ಣೀರಿನಲ್ಲಿ ಮಲಗಿ ಮಲಗಿ ನೆಗಡಿಯಾಗಿ, ಪೊಲೀಸರು ಸುತ್ತ ನಿಂತು ಟೊಪ್ಪಿ ತೆಗೆಯುವಾಗ ಜೋರಾಗಿ ಸೀನಿಬಿಟ್ಟನಂತೆ. ಕೊಲೆಗಾರನ ಪಾತ್ರದವನು ಸೆಟ್ಟಿನಲ್ಲೇ ಅತ್ಯಂತ ಸಾಧು ಪ್ರಾಣಿ. ಬಿಡುವಿನಲ್ಲಿ ಮೂಲೆಯಲ್ಲಿ ಕೂತು ಮೊಮ್ಮಗಳಿಗೆ ಸ್ವೆಟರ್ ಹೆಣೆಯುತ್ತಿದ್ದ. ಕತೆಯ ತುಂಬ ಮಳೆ. ಶೂಟಿಂಗಿಗೆ ಹೋದರೆ ದಿನವೂ ಸುಡು ಬಿಸಿಲು! ಕೊನೆಗೆ ಅಗ್ನಿಶಾಮಕ ದಳದವರನ್ನು ಕರೆಸಿ ಪೈಪಿನಿಂದ ಮಳೆ ಹೊಡೆಸಿದರಂತೆ.

ನಾನು ಅನುವಾದಿಸುತ್ತಾ ಹೋದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದರಲ್ಲಿ ನಾನೂ ಇದ್ದೆ" ಎಂದಳು ಪ್ಯಾಮ್. ಬಾರಿನಲ್ಲಿ ಗ್ಲಾಸ್ ತುಂಬಿಸಿ ಕೊಡುವ ಬಾರ್‌ಮೇಡ್ ಪಾತ್ರದ ನಟಿಗೆ ಮಂಗಬಾವು ಬಂದು ಕೆನ್ನೆ ಊದಿಕೊಂಡಿತಂತೆ. ನಿರ್ದೇಶಕ ಸುತ್ತ ನೋಡಿ, ಇವಳ ಸೊಂಟಕ್ಕೆ ಏಪ್ರನ್ ಕಟ್ಟಿ ಕ್ಯಾಮೆರಾ ಮುಂದೆ ನಿಲ್ಲಿಸಿದ. ಒಂದೇ ಸೀನು, ಒಂದೇ ಮಾತು.

"ನೋಡಬೇಕಲ್ಲ ಅದನ್ನ" ಎಂದೆ.

"ಇಲ್ಲ. ಕತ್ತರಿಸಿ ಹಾಕಿದರು." ರಿಲೀಸಿಗೆ ಮುಂಚೆ ಎಡಿಟಿಂಗ್ ರೂಮಿನಿಂದ ಯಾರೋ ಫೋನ್ ಮಾಡಿ, ಬಾರ್ ಸೀನ್ ಹೋಯಿತು, ಬೇಜಾರು ಮಾಡಿಕೊಳ್ಳಬೇಡ ಎಂದರಂತೆ. ಅವಳು ಬೇಜಾರು ಮಾಡಿಕೊಂಡಳು. ಸಿನಿಮಾ ನೋಡಲಿಲ್ಲ. ಮರುವರ್ಷ ಮದುವೆಯಾಗಿ ಆ ಕೆಲಸವನ್ನೂ ಬಿಟ್ಟಳು. ಇದನ್ನು ಹೇಳುವಾಗ ನಗುತ್ತಲೇ ಇದ್ದಳು. ಆದರೆ ಅವಳು ಹೋದ ಮೇಲೆ ಅತ್ತೆ ಹೇಳಿದರು, "ಆ ನಗು ಸರಿ ಇರ್ಲಿಲ್ಲ ಕಣೇ ಸುಧಾ."

ನಾನು ಮರುದಿನವೇ ಹುಸೇನರ ವಿಡಿಯೋ ಅಂಗಡಿಗೆ ಹೋದೆ. ಹುಸೇನ್ ಬಂಟ್ವಾಳದ ಕಡೆಯ ಬ್ಯಾರಿ. ಫಹಾಹೀಲ್ ಸೂಕ್ ಮಾರುಕಟ್ಟೆಯ ಹಿಂದೆ ಅವರದೊಂದು ಗೂಡಿನಂಥ ಅಂಗಡಿ. ಸಿನಿಮಾದ ಹೆಸರು ಹೇಳಿದ್ದೇ ತಡ, ರಟ್ಟಿನ ಪೆಟ್ಟಿಗೆಯ ತಳದಿಂದ ಕ್ಯಾಸೆಟ್ ಎಳೆದು ಕೊಟ್ಟರು. (ಕಾಪಿಯ ಕಾಪಿಯ ಕಾಪಿ. ಇಂಥ ಸಿನಿಮಾ ಈ ದೇಶದ ಸೆನ್ಸಾರ್ ದಾಟಿ ಒಳಗೆ ಹೇಗೆ ಬಂತು ಎಂದು ನಾನು ಕೇಳಲಿಲ್ಲ. ನೀವೂ ಕೇಳಬೇಡಿ.)

ಸೀನಿದ ಹೆಣವನ್ನು ನೋಡೋಣವೆಂದು ನಾನೂ ಅತ್ತೆಯೂ ಕೂತೆವು. ಚಿತ್ರ ಮಸುಕು, ದನಿ ಗೊರಗೊರ. ಇನ್‌ಸ್ಪೆಕ್ಟರ್ ಮಳೆಯಲ್ಲಿ ನೆನೆಯುತ್ತಾ ಒಂದು ಬಾರಿನೊಳಗೆ ಹೋದ. ಫೋಟೋ ತೋರಿಸಿ, ಇವನು ಇಲ್ಲಿಗೆ ಬಂದಿದ್ದನಾ ಎಂದು ಕೇಳಿದ. ಗ್ಲಾಸ್ ತುಂಬಿಸುತ್ತಿದ್ದ ಹೆಂಗಸು ತಲೆಯೆತ್ತಿ, "ನಾಟ್ ಸಿನ್ಸ್ ಟ್ಯೂಸ್‌ಡೇ, ಲವ್" ಎಂದಳು. ಮಂಗಳವಾರದಿಂದ ಬಂದಿಲ್ಲ ಕಣಪ್ಪ, ಅಂತ.

"ನಿಲ್ಸೇ" ಎಂದರು ಅತ್ತೆ. "ಇವಳು ನಮ್ಮ ಪ್ಯಾಮು."

ನಾನು ಹಿಂದಕ್ಕೆ ಓಡಿಸಿ ನೋಡಿದೆ. ಇಪ್ಪತ್ತು ವರ್ಷ ಚಿಕ್ಕವಳು, ಕೂದಲು ಬುಟ್ಟಿಯ ಹಾಗೆ ಎತ್ತಿ ಕಟ್ಟಿದ್ದಾಳೆ. ನನಗೆ ಗುರುತು ಹತ್ತಲಿಲ್ಲ. "ಅಲ್ಲ ಅತ್ತೆ, ಆ ಸೀನ್ ತೆಗೆದುಹಾಕಿದ್ದಾರಂತಲ್ಲ?"

"ತೆಗೆದಿದ್ರೆ ಇಲ್ಲಿ ಹೇಗೆ ಬಂದು ನಿಂತಳು?"

ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದೆ. ಓಡಿ ಬರುತ್ತಾಳೆ ಅಂದುಕೊಂಡಿದ್ದೆ. ಪ್ಯಾಮ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಮುಖ ಬಿಗಿಯಾಯಿತು. ಅದು ಆ ಮಂಗಬಾವಿನ ನಟಿಯೇ ಇರಬೇಕು, ಗುಣವಾದ ಮೇಲೆ ಅವಳ ಕೈಲೇ ಮತ್ತೆ ಮಾಡಿಸಿರುತ್ತಾರೆ ಎಂದಳು. ತಲೆನೋವೆಂದು ಬಾಗಿಲು ಹಾಕಿಕೊಂಡಳು. ನನಗೆ ಕೆನ್ನೆಗೆ ಹೊಡೆದಂತಾಯಿತು. ಸಂಜೆ ನನ್ನವರು ಕ್ಯಾಸೆಟ್ ವಾಪಸ್ ಕೊಟ್ಟು ಬಂದರು.

ಒಂದು ವಾರ ಪ್ಯಾಮ್ ಈ ಕಡೆ ತಲೆ ಹಾಕಲಿಲ್ಲ. ಅತ್ತೆ ಎರಡು ಲೋಟ ಚಹಾ ಮಾಡಿ ಒಂದನ್ನು ತಾವು ಕುಡಿದು, ಇನ್ನೊಂದನ್ನೂ ತಾವೇ ಕುಡಿಯುತ್ತಿದ್ದರು.

ಆಮೇಲೊಂದು ಮಧ್ಯಾಹ್ನ ತಾನೇ ಬಂದಳು. ಕೂರಲಿಲ್ಲ. ನನ್ನತ್ತ ನೋಡಲೂ ಇಲ್ಲ. ಸೀದಾ ಅತ್ತೆಯ ಮುಂದೆ ನಿಂತು, "ಅಟ್ಟೆಯನ್ನು ಕೇಳು, ಆ ಹೆಂಗಸು ಗ್ಲಾಸ್ ಹೇಗೆ ತುಂಬಿಸುತ್ತಿದ್ದಳು?" ಎಂದಳು.

ನಾನು ಕನ್ನಡದಲ್ಲಿ ಕೇಳಿದೆ. ಅತ್ತೆ ಎದ್ದು ನಿಂತರು. ಸೆರಗಿನ ತುದಿಯನ್ನು ಟವೆಲಿನಂತೆ ಹೆಗಲಿಗೆ ಹಾಕಿಕೊಂಡರು. ಇಲ್ಲದ ಗ್ಲಾಸನ್ನು ಬಲಗೈಯಲ್ಲಿ ಹಿಡಿದು, ಇಲ್ಲದ ಹಿಡಿಕೆಯನ್ನು ಎಡಗೈಯಿಂದ ತಮ್ಮತ್ತ ಎಳೆದರು. ಮಡಿ ಹೆಂಗಸು ಬಿಯರ್ ಬಡಿಸುವುದನ್ನು ಅವತ್ತು ನೋಡಿದೆ.

ಪ್ಯಾಮ್ ಸೋಫಾದ ಮೇಲೆ ಕುಸಿದು ಕೂತಳು. "ಆ ನಟಿ ಬಲಗೈಯವಳು" ಎಂದಳು. ಪ್ಯಾಮ್ ಎಡಚಿ ಎನ್ನುವುದು ನಮಗೆ ಗೊತ್ತು. ಚಹಾ ಲೋಟ ಹಿಡಿಯುವುದೂ ಎಡಗೈಯಲ್ಲೇ.

ಮೂವರೂ ಹುಸೇನರ ಅಂಗಡಿಗೆ ಓಡಿದೆವು. ಅಲ್ಲಿ ಕ್ಯಾಸೆಟ್ ಇಲ್ಲ!

"ಅದು ವಫ್ರಾಕ್ಕೆ ಹೋಯಿತಲ್ಲ ಅಕ್ಕ" ಎಂದರು ಹುಸೇನ್. "ಅಲ್ಲಿ ತೋಟದಲ್ಲಿ ನಮ್ಮೂರಿನವರು ಇದ್ದಾರೆ. ಬಸ್ಸು ಗಿಸ್ಸು ಸರಿಯಾಗಿ ಇಲ್ಲ ಆ ಕಡೆ. ಅವರು ಇಲ್ಲಿಗೆ ಬರುವುದು ಎಲ್ಲಿಂದ? ನಾನೇ ಆಗಾಗ ಕ್ಯಾಸೆಟ್ ಕೊಂಡೋಗಿ ಕೊಡುವುದು."

"ಯಾವಾಗ ವಾಪಸ್ ಬರುತ್ತದೆ?"

"ಅದನ್ನು ಅವರು ಬಿಡುವುದಿಲ್ಲ ಅಕ್ಕ. ಹೋದ ಸಲ ನಾನು ವಾಪಸ್ ತಂದದ್ದಕ್ಕೇ ದೊಡ್ಡ ಜಗಳ ಮಾಡಿದ್ದಾರೆ. ಶುಕ್ರವಾರ ನಾನು ಹೋಗ್ತೇನೆ. ನೀವೂ ಬನ್ನಿ."

ಶುಕ್ರವಾರ ಹೊರಟೆವು. ಕಾರು ಓಡಿಸಿದ್ದು ಡೆರೆಕ್. ಪಕ್ಕದಲ್ಲಿ ದಾರಿ ತೋರಿಸಲು ಹುಸೇನ್, ಹಿಂದೆ ನಾವು ಮೂವರು ಹೆಂಗಸರು. ಡೆರೆಕ್ ಮಿತಭಾಷಿ. ಹೆಂಡತಿಯ ಸಿನಿಮಾ ವಿಷಯ ಮನೆಯಲ್ಲಿ ಎತ್ತಬಾರದೆಂದು ಮದುವೆಯಾದ ಹೊಸದರಲ್ಲೇ ಅವನಿಗೆ ಗೊತ್ತಾಗಿತ್ತಂತೆ. ದಾರಿಯುದ್ದಕ್ಕೂ ಪ್ಯಾಮ್ ಹೇಳುತ್ತಿದ್ದದ್ದು ಒಂದೇ: "ನಾನಲ್ಲದಿದ್ದರೆ ಯಾರೂ ನನ್ನನ್ನು ಸಮಾಧಾನ ಮಾಡಬೇಡಿ." ಅತ್ತೆಗೆ ಏನು ಅರ್ಥವಾಯಿತೋ, ಅವಳ ಕೈ ಹಿಡಿದುಕೊಂಡು ಕೂತರು.

ವಫ್ರಾದಲ್ಲಿ ಹಸಿರು ಇದೆ. ಮರಳಿನ ನಡುವೆ ಪ್ಲಾಸ್ಟಿಕ್ ಹೊದ್ದ ಟೊಮ್ಯಾಟೊ ಮನೆಗಳು, ಸೌತೆ ಬಳ್ಳಿಗಳು. ಕೆಲಸಗಾರರ ಕೋಣೆಯಲ್ಲಿ ತರಕಾರಿ ಕ್ರೇಟುಗಳ ಮೇಲೆ ಒಂದು ಟಿವಿ. ಹತ್ತಾರು ಜನ. ಹೆಚ್ಚಿನವರು ದಕ್ಷಿಣ ಕನ್ನಡದವರು, ಕೆಲವರು ಕೇರಳದವರು. ಅಡುಗೆ ಮಾಡುವ ಮೊಯಿದಿನ್ ವಿಟ್ಲದವರು, ಎಲ್ಲರಿಗೂ ಹಿರಿಯರು. ಇದ್ದ ಒಂದೇ ಕುರ್ಚಿಯನ್ನು ಪ್ಯಾಮ್‌ಗೆ ಕೊಟ್ಟರು. ಅತ್ತೆಗೆ ಮಂಚ. ಹುಸೇನ್ ಅವರಿಗೆ ಹೇಳಿದ್ದು ಇಷ್ಟೇ: ಇವರಿಗೂ ಆ ಸಿನಿಮಾ ನೋಡಬೇಕಂತೆ.

"ಇದರಲ್ಲಿ ಅಂಥದ್ದು ಏನುಂಟು, ನೀವು ವಾಪಸ್ಸೇ ಕೊಡುವುದಿಲ್ಲ ಅಂತೆ?" ಎಂದು ಮೊಯಿದಿನ್ನರನ್ನು ಕೇಳಿದೆ.

"ಮಳೆ ಉಂಟಲ್ಲ ಅಕ್ಕ" ಎಂದರು ಅವರು. "ಹಿಂದಿ ಪಿಚ್ಚರಲ್ಲಿ ಒಂದು ಹಾಡಿಗೆ ಮಳೆ ಬರ್ತದೆ, ಹೋಗ್ತದೆ. ಇದರಲ್ಲಿ ಸುರುವಿಂದ ಕೊನೆಯವರೆಗೂ ಮಳೆಯೇ. ಮಾತು ನಮಗೆ ಎಂತ ಗೊತ್ತಾಗ್ತದೆ? ಊಟ ಆದ ಮೇಲೆ ಹಾಕಿಕೊಂಡು ಮಳೆ ನೋಡುವುದು."

ನಾನು ಪ್ಯಾಮ್‌ಗೆ ಹೇಳಿದೆ. ಅವಳು ಆ ದಿನ ಮೊದಲ ಸಲ ನಕ್ಕಳು. ಅಗ್ನಿಶಾಮಕ ದಳದ ಸಂಗತಿ ಹೇಳು ಎಂದಳು. ಹೇಳಲೋ ಬೇಡವೋ? ಹೇಳಿದೆ. ಮೊಯಿದಿನ್ ಸ್ವಲ್ಪ ಯೋಚಿಸಿ, "ಪೈಪಿನದ್ದಾದರೂ ಅಷ್ಟು ಜನ ಒದ್ದೆ ಆಗಿದ್ದಾರಲ್ಲ" ಎಂದರು.

ಸಿನಿಮಾ ಶುರುವಾಯಿತು. ಹೆಣ ಬಂತು. ಪ್ಯಾಮ್ ಒಬ್ಬೊಬ್ಬರನ್ನೂ ಗುರುತಿಸಿ ಮೆಲ್ಲಗೆ ಹೆಸರು ಹೇಳುತ್ತಿದ್ದಳು. ಇನ್‌ಸ್ಪೆಕ್ಟರ್ ಬಾರಿನ ಬಾಗಿಲು ತಳ್ಳಿದ. ಪ್ಯಾಮ್ ಕುರ್ಚಿಯ ತುದಿಗೆ ಸರಿದಳು. ಡೆರೆಕ್ ಬಾಗಿಲ ಬಳಿ ನಿಂತಿದ್ದವನು ಒಳಗೆ ಬಂದ. ತೆರೆಯ ಮೇಲಿನ ಹೆಂಗಸು ಎಡಗೈಯಿಂದ ಹಿಡಿಕೆ ಎಳೆದು ತಲೆಯೆತ್ತಿದಳು.

ಅವಳು ಬಾಯಿ ತೆರೆಯುವ ಮೊದಲೇ ಆ ಕೋಣೆಯಲ್ಲಿದ್ದ ಅಷ್ಟೂ ಜನ ಒಂದೇ ದನಿಯಲ್ಲಿ, ಅದೇ ರಾಗದಲ್ಲಿ ಹೇಳಿದರು:

"ನಾಟ್ ಸಿನ್ಸ್ ಟ್ಯೂಸ್‌ಡೇ, ಲವ್!"

ಪ್ಯಾಮ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೊಯಿದಿನ್ ಅವಳ ಕಡೆ ತಿರುಗಿದರು. ತೆರೆ ನೋಡಿದರು. ಮತ್ತೆ ಅವಳನ್ನು ನೋಡಿದರು. ಆಮೇಲೆ ಎದ್ದು ನಿಂತರು. ಅವರು ನಿಂತದ್ದು ನೋಡಿ ಉಳಿದವರೂ ಒಬ್ಬೊಬ್ಬರೇ ಎದ್ದರು.

"ಇವರೇ ಅಲ್ವಾ?" ಎಂದು ನನ್ನನ್ನು ಕೇಳಿದರು.

"ಇವರೇ" ಎಂದೆ.

"ನಾನು ಹೇಳ್ಲಿಲ್ವಾ" ಎಂದರು ಅತ್ತೆ, ಮಂಚದ ಮೇಲಿಂದ.

ಮೊಯಿದಿನ್ ಹೇಳಿದರು, "ಅಕ್ಕ, ಮೇಡಂಗೆ ಹೇಳಿ. ಕಡೆಗೆ ಇನ್‌ಸ್ಪೆಕ್ಟರ್ ಕೊಲೆ ಮಾಡಿದವನ ಕಾಲರ್ ಹಿಡಿದು ಟ್ಯೂಸ್‌ಡೇ, ಟ್ಯೂಸ್‌ಡೇ ಅಂತಾನಲ್ಲ, ಅದು ಇವರು ಹೇಳಿದ್ದೇ. ಇವರು ಹೇಳದಿದ್ದರೆ ಆ ಬದ್ಮಾಶ್ ಸಿಕ್ಕುತ್ತಿರಲಿಲ್ಲ."

ಅಲ್ಲಿಗೆ ಒಗಟು ಬಿಡಿಸಿದಂತಾಯಿತು. ಸೀನ್ ಕತ್ತರಿಸಿದ್ದು ನಿಜವೇ ಇರಬೇಕು. ಕತ್ತರಿಸಿದ ಮೇಲೆ ಕತೆಯೇ ನಿಲ್ಲುವುದಿಲ್ಲವೆಂದು ಗೊತ್ತಾಗಿ ಯಾರೋ ಮತ್ತೆ ಅಂಟಿಸಿದ್ದಾರೆ. ಪ್ಯಾಮ್‌ಗೆ ಹೇಳುವುದನ್ನು ಮಾತ್ರ ಮರೆತಿದ್ದಾರೆ.

ಡೆರೆಕ್ ಟಿವಿಯ ಹತ್ತಿರ ಹೋಗಿ ಬಗ್ಗಿ ನಿಂತಿದ್ದ. "ಇನ್ನೊಂದು ಸಲ ಹಾಕುತ್ತೀರಾ?" ಎಂದ. ಹಾಕಿದರು. "ಇನ್ನೊಂದು ಸಲ." ಅದನ್ನೂ ಹಾಕಿದರು. ನಾಲ್ಕನೆಯ ಸಲಕ್ಕೆ ಅವನೂ ಆ ಮಾತನ್ನು ಎಲ್ಲರ ಜೊತೆ ಹೇಳಿದ. ಆಮೇಲೆ ಪ್ಯಾಮ್ ಎದ್ದು, ಮೊಯಿದಿನ್ನರ ಅಡುಗೆ ಟವೆಲನ್ನೇ ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ಎಡಗೈಯಿಂದ ಹಾಲಿಲ್ಲದ ಸುಲೈಮಾನಿ ಚಹಾ ಬಗ್ಗಿಸಿ ಕೊಟ್ಟಳು. ಅಷ್ಟು ಚಪ್ಪಾಳೆಯನ್ನು ನಾನು ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲೂ ಕೇಳಿಲ್ಲ. (ಸಂಘದವರು ಕ್ಷಮಿಸಬೇಕು.)

ಕ್ಯಾಸೆಟ್ ಕೇಳಿದಾಗ ಮಾತ್ರ ಮೊಯಿದಿನ್ ಮುಖ ಸಣ್ಣದಾಯಿತು. ಪ್ಯಾಮ್ ತಾನೇ ಬೇಡವೆಂದಳು. ಹುಸೇನ್ ಅವಳಿಗೊಂದು ಕಾಪಿ ಮಾಡಿಕೊಡುವುದೆಂದು ತೀರ್ಮಾನವಾಯಿತು. ನಮ್ಮ ಕಾರಿನ ಡಿಕ್ಕಿಯಲ್ಲಿ ಟೊಮ್ಯಾಟೊ ತುಂಬಿಸಿದರು. ನಮ್ಮ ಬಿಲ್ಡಿಂಗಿನಲ್ಲಿ ಈಗ ಎಲ್ಲರ ಮನೆಯಲ್ಲೂ ಟೊಮ್ಯಾಟೊ ಗೊಜ್ಜು.

ಮರುದಿನ ಬೆಳಿಗ್ಗೆ ಪ್ಯಾಮ್ ಇಂಗ್ಲೆಂಡಿಗೆ, ತನ್ನ ತಾಯಿಗೆ ಫೋನ್ ಮಾಡಿದಳು. ಅಮ್ಮಾ, ಆ ಸಿನಿಮಾದಲ್ಲಿ ನಾನಿದ್ದೇನೆ, ನನ್ನ ಸೀನ್ ಉಳಿದಿದೆ ಎಂದಳು.

ಆ ಕಡೆಯಿಂದ ಮುದುಕಿ ಹೇಳಿದಳಂತೆ: "ಗೊತ್ತು ಮಗಳೇ. ಸಿನಿಮಾ ಬಂದ ವಾರವೇ ನಿನ್ನ ಚಿಕ್ಕಮ್ಮಂದಿರನ್ನೆಲ್ಲ ಕಟ್ಟಿಕೊಂಡು ಹೋಗಿ ನೋಡಿದ್ದೆವು. ನೀನು ಆ ವಿಷಯ ಎತ್ತಲೇ ಇಲ್ಲ. ಬಾರಿನವಳ ಪಾತ್ರ ಮಾಡಿದ್ದಕ್ಕೆ ನಾಚಿಕೆಯೇನೋ ಅಂತ ನಾನೂ ಸುಮ್ಮನಿದ್ದೆ."

ಪ್ಯಾಮ್ ನಮ್ಮ ಅಡುಗೆಮನೆಗೆ ಬಂದು ಇದನ್ನು ಹೇಳುವಾಗ ನಗುತ್ತಲೂ ಇದ್ದಳು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಳು. ನಾನು ಅತ್ತೆಗೆ ಅನುವಾದಿಸಲು ಹೋದೆ. ಬೇಡ, ಅರ್ಥವಾಯಿತು ಎಂದು ಕೈ ಸನ್ನೆ ಮಾಡಿದರು.

ಇನ್ನೊಬ್ಬರಿಗೆ ನೋವಾದೀತೆಂದು ನಾವು ಬಾಯಿ ಬಿಡದೆ ಇಟ್ಟುಕೊಂಡಿರುವ ಮಾತುಗಳಲ್ಲಿ, ಸಿಹಿ ಸುದ್ದಿಗಳು ಎಷ್ಟಿರಬಹುದು?