ನಡೆಯದ ಸಭೆಯ ಸಹಿಗಾಗಿ

ತೊಂಬತ್ತರ ದಶಕದ ಒಂದು ಏಪ್ರಿಲ್. ಶಿಕಾರಿಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಸೊರಬಕ್ಕೆ ಒಂಬತ್ತು ರೂಪಾಯಿ ಕೊಟ್ಟೂ ಶಿರಾಳಕೊಪ್ಪದವರೆಗೆ ನಿಂತೇ ಹೋದೆ. ಬಗಲಲ್ಲಿ ನಡಾವಳಿ ಪುಸ್ತಕ. ಸೊರಬದಾಚೆ ಜಡೆ ಊರಿಗೆ ಹೋಗುವ ದಾರಿಯ ಒಂದು ಹಳ್ಳಿಯ ಪಂಚಾಯಿತಿಗೆ ನಾನು ಕಾರ್ಯದರ್ಶಿ. ನಡೆಯದ ಸಭೆಯನ್ನು ನಡೆದಂತೆ ಬರೆದು, ಅಧ್ಯಕ್ಷರ ಮನೆಬಾಗಿಲಿಗೆ ಒಯ್ದು ಸಹಿ ಹಾಕಿಸಿಕೊಂಡು ಬರುವುದೇ ನನ್ನ ನೌಕರಿಯ ಮುಕ್ಕಾಲು ಪಾಲು. ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಸುಸ್ತು ಮಾತ್ರ ಇತ್ತು.

ಸೊರಬದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಬಿಸಿಲಲ್ಲಿ ಒಂದೂವರೆ ತಾಸು ಕಾದು ಜಡೆ ಬಸ್ಸು ಹಿಡಿದೆ. ಹಳ್ಳಿಯ ಸ್ಟಾಪಿನಲ್ಲಿ ಉಪಾಧ್ಯಕ್ಷರು ನಿಂತಿದ್ದರು. ಆ ವರ್ಷ ಮಂಜೂರಾದ ಒಂದೇ ಬೋರ್‌ವೆಲ್ ತಮ್ಮ ಕೇರಿಗೆ ಎಂದು ಈ ಸಲದ ನಡಾವಳಿಯಲ್ಲಿ ಅವರೇ ಹೇಳಿ ಬರೆಸಿದ್ದರು. "ಬೇಗ ಸಹಿ ಹಾಕಿಸ್ಕೊಂಡ್ ಬನ್ರಿ. ಸಂಜೆ ಬಸ್ಸಿಗೆ ನಾನಿಲ್ಲೇ ಇರ್ತೀನಿ" ಅಂದರು.

ಅಧ್ಯಕ್ಷೆ ಗಿರಿಜಾ ಸಿದ್ದಿ ಜನಾಂಗದಾಕೆ. ಅಜ್ಜ ಯಲ್ಲಾಪುರದ ಕಡೆಯಿಂದ ಮರ ಕಡಿಯುವ ಕೂಲಿಗೆ ಬಂದು ಇಲ್ಲೇ ಉಳಿದವರು. ಅವರ ಹಿರಿಯರು ಯಾವ ಕಾಲದಲ್ಲೋ ಆಫ್ರಿಕಾದಿಂದ ಬಂದವರು. ಆಕೆಯ ಕಪ್ಪು ಮೈಬಣ್ಣ, ಗುಂಗುರು ಕೂದಲು ಕಂಡು ಸೊರಬದ ಸಂತೆಯಲ್ಲಿ ಜನ ಈಗಲೂ ತಿರುಗಿ ನೋಡುತ್ತಾರೆ. ನಾಟಿ ಕೂಲಿಗೆ ಹೋಗುತ್ತಲೇ ಮಗಳ ಸ್ಲೇಟಿನಲ್ಲಿ ಅಕ್ಷರ ಕಲಿತಿದ್ದಳು. ಮಹಿಳಾ ಮೀಸಲಾತಿ ಬಂದಾಗ, ಹೇಳಿದಂತೆ ಕೇಳಿಕೊಂಡಿರುತ್ತಾಳೆಂದು ಊರಿನ ದೊಡ್ಡವರೇ ನಿಲ್ಲಿಸಿ ಗೆಲ್ಲಿಸಿದರು. ನಮ್ಮ ಕಡೆ ಆ ಕುರ್ಚಿಯಲ್ಲಿ ಸಿದ್ದಿ ಹೆಂಗಸು ಕೂತದ್ದು ಅದೇ ಮೊದಲು.

ಅವಳ ಕೇರಿಗೆ ಎರಡು ಮೈಲಿ ನಡೆದೆ. ಆಗಷ್ಟೇ ಹಳ್ಳದಿಂದ ಕೊಡ ಹೊತ್ತು ಬಂದಿದ್ದಳು. ಕುಡಿಯಲು ಕೊಟ್ಟ ನೀರು ಕೆಂಪಗಿತ್ತು. ದಾಹ ತಡೆಯಲಾಗದೆ ಕುಡಿದೆ. ಸಹಿ ಹಾಕುವ ಜಾಗ ತೋರಿಸಿದರೆ ಅವಳು ಮೇಲಿನಿಂದ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದತೊಡಗಿದಳು. ನನಗೆ ತೂಕಡಿಕೆ ಬರುತ್ತಿತ್ತು.

"ಅಧ್ಯಕ್ಷರು ಹಾಜರಿದ್ದರು ಅಂತ ಬರ್ದೀರಲ್ಲ, ನಾ ಎಲ್ಲಿ ಬಂದಿದ್ದೆ ರೀ?"

"ಅದು ಬರೆಯೋ ಪದ್ಧತಿ ಕಣಮ್ಮ. ಎಲ್ಲ ಅಧ್ಯಕ್ಷರೂ ಹಾಕ್ತಾರೆ."

"ನಾನೂ ಹಾಕ್ತೀನಿ. ಆದದ್ದು ಬರೀರಿ."

ವಾದ ಮಾಡಲು ತ್ರಾಣವಿರಲಿಲ್ಲ. ಇಡೀ ಪುಟಕ್ಕೆ ಅಡ್ಡಗೆರೆ ಎಳೆದು 'ಸಭೆ ನಡೆದಿಲ್ಲ' ಎಂದು ಬರೆದೆ. ಅದರ ಕೆಳಗೆ ನಿಧಾನವಾಗಿ ಪೂರ್ತಿ ಹೆಸರು ಬರೆದಳು. ಆಮೇಲೆ ಸೋಮವಾರದ ಸಭೆಗೆ ನೋಟೀಸು ಬರೆಸಿದಳು. ವಿಷಯ: ಬೋರ್‌ವೆಲ್ ಯಾವ ಕೇರಿಗೆ.

"ಸಭೇಲಿ ಉಪಾಧ್ಯಕ್ಷರ ಕಡೆಯವರೇ ಜಾಸ್ತಿ ಜನ ಇದ್ದಾರಲ್ಲಮ್ಮ" ಅಂದೆ.

"ಎಲ್ಲ ಸೇರಿ ಇಲ್ಲ ಅಂದ್ರೆ ಈ ನೀರೇ ಕುಡಿತೀವಿ. ಆದ್ರೆ ನನ್ನೆದುರಿಗೆ ಕೂತು ಅನ್ಲಿ."

ನಾಚಿಕೆಯಾಯಿತು. ಆ ನೀರಿನ ರುಚಿ ಸ್ಟಾಪು ಮುಟ್ಟುವವರೆಗೂ ಬಾಯಲ್ಲಿತ್ತು.

"ಹಾಕಿದ್ಲಾ?" ಉಪಾಧ್ಯಕ್ಷರು ಕೇಳಿದರು.

"ಹಾಕಿದ್ರು" ಅಂದೆ.

ಖುಷಿಯಾಗಿ ಸೋಡಾ ಕುಡಿಸಿದರು, ಬಸ್ಸು ಬಂದಾಗ ಟವೆಲ್ ಹಾಕಿ ಸೀಟೂ ಹಿಡಿದುಕೊಟ್ಟರು. ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಬಸ್ಸು ಕದಲಿದ ಮೇಲೆ ಕಿಟಕಿಯಿಂದ ಅವರ ಕೈಗೆ ನೋಟೀಸು ಕೊಟ್ಟೆ. ತಿರುಗಿ ನೋಡಿದಾಗ ಧೂಳಿನಲ್ಲೇ ನಿಂತು ಓದುತ್ತಿದ್ದರು. ಸೋಮವಾರ ಮತ್ತೆ ಇಷ್ಟೇ ದೂರ ಬರಬೇಕು. ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ, ಸಭೆಗೆ.